ಮೂರು ವಾಲ್ವು, ಒಂದು ಕೀ

ಆಗ ನನಗೆ ನಲವತ್ತೆಂಟು ವರ್ಷ. ಇಪ್ಪತ್ತಮೂರು ವರ್ಷದ ಹಿಂದಿನ ಮಾತು. ಗ್ರಾಮಸಭೆಯಲ್ಲಿ, ಊರೆಲ್ಲ ನೋಡುತ್ತಿರುವಾಗ, ನನ್ನ ಕೈಯಲ್ಲಿದ್ದ ವಾಲ್ವಿನ ಕೀ ಕಿತ್ತುಕೊಂಡರು. ನಾನು ಕದ್ದಿರಲಿಲ್ಲ, ಕೆಲಸಕ್ಕೆ ಚಕ್ಕರ್ ಹೊಡೆದಿರಲಿಲ್ಲ. ಹಾಸನದ ಕಾಲೇಜಿನ ಮೇಡಂ ಒಬ್ಬರು ನನ್ನ ಬಗ್ಗೆ ಒಳ್ಳೆಯ ಮಾತು ಬರೆದು ಮೈಕಿನಲ್ಲಿ ಓದಿದರು. ಅದೇ ತಪ್ಪಾಯಿತು.

ಈಗ ನೀರುಗಂಟಿ ಕೆಲಸಕ್ಕೆ ಹುಡುಗಿಯರೂ ಸೇರುತ್ತಿದ್ದಾರೆ. ಮನೆಯಲ್ಲಿ ಕೂತು ಮೊಬೈಲಿನಲ್ಲೇ ಮೋಟರು ಹಾಕುತ್ತಾರೆ, ಸಂತೋಷ. ಆದರೆ ಮೋಟರು ಹಾಕಿ ಟ್ಯಾಂಕು ತುಂಬಿಸುವುದು ಈ ಕೆಲಸದ ಕಾಲು ಭಾಗ. ತುಂಬಿದ ನೀರನ್ನು ಯಾವ ಬೀದಿಗೆ ಮೊದಲು ಬಿಡಬೇಕು, ಎಷ್ಟು ಹೊತ್ತು ಬಿಡಬೇಕು, ಬೈಸಿಕೊಂಡಾಗ ಮುಖ ಹೇಗಿಟ್ಟುಕೊಳ್ಳಬೇಕು ಅನ್ನುವುದು ಉಳಿದ ಮುಕ್ಕಾಲು. ಅದನ್ನು ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಶಾಂತಿಗ್ರಾಮದಿಂದ ಒಳಕ್ಕೆ, ನಡೆದು ಹೋಗುವಷ್ಟು ದೂರ. ಮಂಡಲ ಪಂಚಾಯ್ತಿ ಹೋಗಿ ಗ್ರಾಮ ಪಂಚಾಯ್ತಿ ಬಂದ ಹೊಸದರಲ್ಲಿ ಬೋರು ಕೊರೆಸಿ, ಟ್ಯಾಂಕು ಕಟ್ಟಿ, ಪೈಪು ಎಳೆದರು. ನನ್ನ ಗಂಡನನ್ನು ನೀರುಗಂಟಿ ಮಾಡಿದರು. ಅವನು ಎಂಟು ತಿಂಗಳು ಕೆಲಸ ಮಾಡಿ ತೀರಿಕೊಂಡ. ತಿಥಿ ಮುಗಿದ ವಾರಕ್ಕೆ ಪಂಚಾಯ್ತಿ ಸೆಕ್ರೆಟರಿ ಬಂದು ಕೀ ಕೇಳಿದರು.

"ಯಾರಿಗ್ ಕೊಡ್ತೀರಿ ಸಾ?" ಅಂದೆ.

"ಯಾರಾದ್ರೂ ಗಂಡಾಳು ನೋಡ್ಬೇಕಮ್ಮ."

"ನೀವು ನೋಡಗಂಟ ನಾನೇ ಬುಡ್ತೀನಿ."

ಅವರು ಏಳೆಂಟು ವರ್ಷ ನೋಡುತ್ತಲೇ ಇದ್ದರು. ನನಗೆ ನೇಮಕದ ಕಾಗದ ಅಂತ ಒಂದು ಚೂರೂ ಇರಲಿಲ್ಲ. ಕೀಯೇ ನನ್ನ ಕಾಗದ. ಅದು ಕೈಯಲ್ಲಿದ್ದರೆ ಪಂಚಾಯ್ತಿ ಕೆಲಸದವಳು, ಕೈತಪ್ಪಿದರೆ ಕಂಡವರ ಹೊಲದಲ್ಲಿ ರಾಗಿ ಕಳೆ ಕೀಳುವವಳು. ಸೊಂಟದೆತ್ತರದ ಕಬ್ಬಿಣದ ಸಲಾಕೆ, ಮೇಲೆ ಅಡ್ಡ ಹಿಡಿ, ಕೆಳಗೆ ಚೌಕದ ಬಾಯಿ. ನೆಲದೊಳಗಿನ ವಾಲ್ವಿನ ತಲೆಗೆ ಕೂರಿಸಿ ತಿರುಗಿಸಬೇಕು. ಹನ್ನೆರಡು ಸುತ್ತು ಎಡಕ್ಕೆ ತಿರುಗಿಸಿದರೆ ನೀರು ಹೋಗುತ್ತದೆ, ಹನ್ನೆರಡು ಸುತ್ತು ಬಲಕ್ಕೆ ತಿರುಗಿಸಿದರೆ ನಿಲ್ಲುತ್ತದೆ.

ನಮ್ಮೂರಿಗೆ ಮೂರು ವಾಲ್ವು. ಒಂದು ಮೇಲಿನ ಬೀದಿಯದು. ಅಲ್ಲಿ ದೇವಸ್ಥಾನ, ಜೋಯಿಸರ ಮನೆ, ಅಧ್ಯಕ್ಷರ ಮನೆ. ಎರಡನೆಯದು ನಡುಬೀದಿ, ನನ್ನ ಮನೆ ಇರುವುದು. ಮೂರನೆಯದು ಕಾಲೋನಿ, ಪೈಪಿನ ಬಾಲ. ಮೂರನ್ನೂ ಒಟ್ಟಿಗೆ ಬಿಟ್ಟರೆ ಬಾಲಕ್ಕೆ ಗಾಳಿಯಲ್ಲದೆ ಏನೂ ಬರುವುದಿಲ್ಲ. ಆದ್ದರಿಂದ ಒಂದಾದ ಮೇಲೆ ಒಂದು. ನಮ್ಮೂರಿನ ರಾಜಕೀಯವೆಲ್ಲ ಈ ಒಂದು ಮಾತಿನಲ್ಲಿದೆ ಅನ್ನುವುದು ಮೇಡಂ ಬರುವವರೆಗೂ ನನಗೆ ಗೊತ್ತಿರಲಿಲ್ಲ. ನೀರಿನ ಜಗಳ ಅಂತ ಮಾತ್ರ ತಿಳಿದಿದ್ದೆ.

ಮೊದಲು ನನ್ನ ದೊಡ್ಡ ತಪ್ಪು ಒಂದನ್ನು ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ಹೊಸದರಲ್ಲಿ ಸೆಕ್ರೆಟರಿ ಒಂದು ಚೀಲ ಬ್ಲೀಚಿಂಗ್ ಪೌಡರ್ ಕೊಟ್ಟು, "ಟ್ಯಾಂಕಿಗೆ ಹಾಕಮ್ಮ" ಅಂದರು. ಎಷ್ಟು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಚೀಲ ಕೊಟ್ಟರೆ ಚೀಲ ಅಂದುಕೊಂಡೆ. ಮಾರನೆಯ ದಿನ ಜೋಯಿಸರು ಬರಿಮೈಯಲ್ಲಿ ಬಂದು ನಿಂತರು.

"ನಿಂಗಮ್ಮ, ಬೆಳಗಿಂದ ತೀರ್ಥ ತಗೊಂಡೋರೆಲ್ಲ ಮೂಸಿ ನೋಡಿ, ಯಾರಿಗೆ ಆಪರೇಷನ್ನು ಅಂತ ಕೇಳ್ತಿದಾರೆ."

ಎರಡು ದಿನ ಟ್ಯಾಂಕು ಖಾಲಿ ಮಾಡಿಸಿ ತೊಳೆಸಿದೆ. ಸೆಕ್ರೆಟರಿ ಆ ಎರಡು ದಿನವೂ ತಾಲ್ಲೂಕು ಆಫೀಸಿನಲ್ಲಿ ಮೀಟಿಂಗು ಅಂದರು. ಮೇಲಿನವರು ಅಳತೆ ಹೇಳದೆ ಏನಾದರೂ ಕೊಟ್ಟರೆ ಅಳತೆ ಹೇಳುವವರೆಗೂ ಮುಟ್ಟಬೇಡಿ.

ಮೇಡಂ ಹೆಸರು ಸುಮತಿ. ಹೊಳೆನರಸೀಪುರದ ದೇವಸ್ಥಾನದ ಬೀದಿಯವರು, ಹಾಸನದ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಪಾಠ. ದೊಡ್ಡ ಪರೀಕ್ಷೆಗೆ, ಡಾಕ್ಟರೇಟು ಅಂತಾರಲ್ಲ ಅದಕ್ಕೆ, ಪುಸ್ತಕ ಬರೆಯುತ್ತಿದ್ದರು. ಒಂದೇ ಸರ್ಕಾರ, ಒಂದೇ ಕಾನೂನು ಇರುವ ಊರುಗಳಲ್ಲಿ ಒಂದು ಕಡೆ ನೀರು ಸರಿಯಾಗಿ ಹಂಚಿಕೆಯಾಗುತ್ತದೆ, ಇನ್ನೊಂದು ಕಡೆ ತಲೆ ಒಡೆದುಕೊಳ್ಳುತ್ತಾರೆ, ಯಾಕೆ? ಇದು ಅವರ ಪ್ರಶ್ನೆ. ಅದಕ್ಕೆ ನಮ್ಮೂರು, ಅರಕಲಗೂಡು ಕಡೆಯ ಒಂದು ಊರು, ಚನ್ನರಾಯಪಟ್ಟಣ ಕಡೆಯ ಒಂದು ಊರು ಅಂತ ಮೂರು ಆರಿಸಿಕೊಂಡಿದ್ದರು. ನಮ್ಮೂರು ಯಾವ ಪೈಕಿ ಅಂತ ನಾನು ಕೇಳಲಿಲ್ಲ.

ಮೊದಲ ದಿನ ಪಂಚಾಯ್ತಿ ಜಗಲಿಯಲ್ಲಿ ಕೂರಿಸಿಕೊಂಡು ಕೇಳಿದರು, "ನಿಂಗಮ್ಮ, ಈ ಊರಲ್ಲಿ ಅಧಿಕಾರ ಯಾರ ಹತ್ರ ಇದೆ?"

"ಅಧ್ಯಕ್ಷರತ್ರ ಐತೆ ಅಂತ ಬರ್ಕಳಿ."

"ಬರ್ಕೊಳ್ಳೋಕಲ್ಲ. ನಿಜ ಹೇಳಿ."

"ನಿಜ ಬೇಕಾದ್ರೆ ಬೆಳಗ್ಗೆ ಐದೂವರೆಗೆ ಟ್ಯಾಂಕಿನತ್ರ ಬನ್ನಿ."

ಬರುವುದಿಲ್ಲ ಅಂದುಕೊಂಡಿದ್ದೆ. ಸ್ಕೂಟರಿನಲ್ಲಿ ಬಂದೇಬಿಟ್ಟರು, ತಲೆಗೆ ಮಫ್ಲರು ಸುತ್ತಿಕೊಂಡು. ಅರ್ಧ ಗಂಟೆಯಲ್ಲಿ ನಾಲ್ಕು ಜನ ನನ್ನ ಹತ್ತಿರ ಬಂದರು. ಜೋಯಿಸರು ಬಂದು, "ನಮ್ಮ ತಾತನ ಕಾಲದಿಂದ ದೇವರಿಗೇ ಮೊದಲ ನೀರು" ಅಂದರು. ಅಧ್ಯಕ್ಷರ ಗಂಡ ಚಂದ್ರಣ್ಣನ ಕಡೆಯವನೊಬ್ಬ ಬಂದು, "ಮೇಲಿನ್ ಬೀದಿಗೆ ಬುಡಬೇಕಂತೆ, ಚಂದ್ರಣ್ಣ ಏಳವ್ರೆ" ಅಂದ. ಬೋರಿಗೆ ಜಾಗ ಕೊಟ್ಟ ದೊಡ್ಡಮನೆಯ ಗೌಡರು ಬಂದು, "ಬೋರ್ ಇರಾದು ನಮ್ಮೊಲದಾಗೆ, ಮೊದ್ಲು ನಮ್ಗಲ್ದೆ ಇನ್ಯಾರ್ಗೆ?" ಅಂದರು. ಕೊನೆಗೆ ನಡುಬೀದಿಯ ಒಬ್ಬಳು ಬಂದು, "ನಿಂಗಕ್ಕ, ಡೈರಿಗೆ ಟೈಮಾಯ್ತದೆ, ಎಮ್ಮೆ ಕೆಚ್ಚಲು ತೊಳ್ಯಾಕೆ ಒಂದ್ ಕೊಡ ಇಲ್ಲ ಕಣಕ್ಕ" ಅಂತ ಗೋಗರೆದಳು.

ಮೇಡಮ್ಮಿಗೆ ಖುಷಿಯೋ ಖುಷಿ. "ನೋಡಿ ನಿಂಗಮ್ಮ, ಒಬ್ಬರು ಸಂಪ್ರದಾಯ ಹೇಳಿದ್ರು, ಒಬ್ಬರು ಹುದ್ದೆ ಹೇಳಿದ್ರು, ಒಬ್ಬರು ಆಸ್ತಿ ಹೇಳಿದ್ರು, ಒಬ್ಬರು ಅಗತ್ಯ ಹೇಳಿದ್ರು. ನಮ್ಮ ಮಾತನ್ನ ಬೇರೆಯವರು ಯಾಕೆ ಒಪ್ಪಬೇಕು ಅನ್ನೋದಕ್ಕೆ ಪ್ರಪಂಚದಲ್ಲಿ ಜನ ಕೊಡೋ ಕಾರಣ ಹೆಚ್ಚುಕಮ್ಮಿ ಇಷ್ಟೇ. ನಮ್ಮಲ್ಲಿ ಇದನ್ನ ಒಂದು ವರ್ಷ ಪಾಠ ಮಾಡ್ತೀವಿ."

"ಇಲ್ಲಿ ದಿನಾ ಮಾಡ್ತಾರೆ," ಅಂದೆ. "ಈಗ ಪಕ್ಕಕ್ ನಿಂತ್ಕಳಿ, ಕಾಲ್ಮೇಲೆ ಕೀ ಬಿದ್ದಾತು."

ಹೀಗೆ ನಮ್ಮಿಬ್ಬರ ಒಡನಾಟ ಬೆಳೆಯಿತು. ಅವರು ಒಂದು ಮಾತು ಹೇಳುವರು, ನಾನು ಒಂದು ಮನೆ ತೋರಿಸುವೆ. ಎಲ್ಲರಿಗೂ ಸೇರಿದ್ದನ್ನು ಉಳಿಸುವ ಕಷ್ಟ ಬೇರೆಯವರು ಪಡಲಿ, ಲಾಭ ಮಾತ್ರ ನನಗಿರಲಿ ಅನ್ನುವವರಿಗೆ ಅವರ ಪುಸ್ತಕದಲ್ಲಿ ಒಂದು ಹೆಸರಿತ್ತು. ನಾನು ಮೇಲಿನ ಬೀದಿಗೆ ಕರೆದುಕೊಂಡು ಹೋಗಿ ನಲ್ಲಿಯ ಕೆಳಗೆ ಒಂದಾಳುದ್ದ ಗುಂಡಿ ತೆಗೆದವರ ಮನೆ ತೋರಿಸಿದೆ. ಕೊಡ ಎಷ್ಟು ಕೆಳಗಿಟ್ಟರೆ ನೀರು ಅಷ್ಟು ಜೋರು. ಒಬ್ಬರು ಒಂದು ಮೊಳ ತೋಡಿದರು, ಪಕ್ಕದವರು ಎರಡು ಮೊಳ. ಕೊನೆಗೆ ಒಬ್ಬ ಮಹಾರಾಯ ಮೆಟ್ಟಿಲೇ ಕಟ್ಟಿಸಿದ. "ಏನಪ್ಪಾ, ಬಾವಿ ಬ್ಯಾಡ ಅಂತ ನಲ್ಲಿ ಆಕ್ಸುದ್ರೆ ನಲ್ಲಿಗೇ ಬಾವಿ ತೋಡ್ಸಿದ್ಯಲ್ಲ" ಅಂದರೆ, "ಎಲ್ರೂ ಮುಚ್ಲಿ, ನಾನೂ ಮುಚ್ತೀನಿ" ಅಂದ. ಎಲ್ಲರೂ ಅದನ್ನೇ ಅಂದರು. ಮೇಡಂ ನಗುತ್ತಾ, ದೇಶದೇಶಗಳೂ ಹೀಗೇ ಮಾತಾಡುತ್ತವೆ ಅಂದರು. ಆ ದೇಶಗಳಿಗೂ ಒಬ್ಬ ನೀರುಗಂಟಿ ಇರಬೇಕಿತ್ತು ಅಂದುಕೊಂಡೆ.

ಒಂದು ದಿನ ನನ್ನನ್ನು ಬಸ್ಸಿನಲ್ಲಿ ಅರಕಲಗೂಡು ಕಡೆಯ ಊರಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ತುಲನೆ ಅಂದರೇನು ಅಂತ ಹೇಳಿದರು. ಉಳಿದದ್ದೆಲ್ಲ ಒಂದೇ ಥರ ಇರಬೇಕು, ಒಂದು ಮಾತ್ರ ಬೇರೆ ಇರಬೇಕು, ಆಗ ವ್ಯತ್ಯಾಸಕ್ಕೆ ಆ ಒಂದೇ ಕಾರಣ ಅಂತ ಹಿಡಿಯಬಹುದು. "ಅದೇ ಬ್ಯಾಳೆ, ಅದೇ ಕಾರದ ಪುಡಿ, ನಾನ್ ಮಾಡಿದ್ ಸಾರು ಒಂದ್ ರುಚಿ, ನನ್ ಸೊಸೆ ಮಾಡಿದ್ದೊಂದ್ ರುಚಿ. ಅಂಗಾದ್ರೆ ತಪ್ಪು ಸೊಸೇದು," ಅಂದೆ. ಅಷ್ಟು ಬೇಗ ತೀರ್ಮಾನಕ್ಕೆ ಬರಬಾರದು ಅಂದರು ಮೇಡಂ.

ಆ ಊರಿನಲ್ಲಿ ಗುಂಡಿ ಇಲ್ಲ, ಜಗಳ ಇಲ್ಲ. ಕಾಲೋನಿಯ ಕೊನೆಯ ನಲ್ಲಿಯಲ್ಲೂ ನೀರು ದಪ್ಪಗೆ ಬರುತ್ತಿತ್ತು. ನನಗೆ ಹೊಟ್ಟೆ ಉರಿಯಿತು. ಅಲ್ಲಿಯ ನೀರುಗಂಟಿ ಕರಿಯಣ್ಣ ಅಂತ, ನನ್ನ ವಯಸ್ಸಿನವನೇ, ಟ್ಯಾಂಕಿನ ನೆರಳಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದ. ಮೇಡಂ ಮೂರು ಹಾಳೆ ಪ್ರಶ್ನೆ ಕೇಳಿದರು. ಎಷ್ಟು ಜನ ಓದಿದ್ದಾರೆ, ಎಷ್ಟು ಜಾತಿ, ಎಷ್ಟು ಜಮೀನು, ಸಭೆ ಎಷ್ಟು ಸಲ ಸೇರುತ್ತದೆ. ಅವನು ಎಲ್ಲದಕ್ಕೂ ಉತ್ತರ ಕೊಟ್ಟ. ಎಲ್ಲವೂ ನಮ್ಮೂರಿನ ಥರವೇ ಇತ್ತು. ಮೇಡಂ ಪೆನ್ನು ಕಚ್ಚಿದರು. ನಾನು ಸುಮ್ಮನೆ ಕೇಳಿದೆ, "ಅಣ್ಣೋ, ನಿಮ್ ಅಧ್ಯಕ್ಷರ ಮನೆ ಯಾವ್ದು?"

"ಅಗಾ, ಅಲ್ಲಿ ಕಾಣ್ತದಲ್ಲವ್ವ, ಊರಾಚೆ, ಕಾಲೋನಿ ದಾಟಿ. ಓದ್ ವರ್ಸ ತ್ವಾಟದಾಗ್ ಮನೆ ಕಟ್ಕಂಡ್ರು."

"ಪೈಪು?"

"ಅವ್ರದೇ ಕೊನೇ ನಲ್ಲಿ."

ಮೇಡಂ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಧ್ಯಕ್ಷರಿಗೆ ಸ್ನಾನಕ್ಕೆ ನೀರು ಬರಬೇಕಾದರೆ ಊರಿಗೆಲ್ಲ ಬಂದೇ ಬರಬೇಕು. ಮೂರು ಹಾಳೆಯಲ್ಲಿ ಆ ಪ್ರಶ್ನೆ ಒಂದು ಇರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಹಾಳೆಯ ಹಿಂಭಾಗದಲ್ಲಿ ಬರೆಯುತ್ತಲೇ ಇದ್ದರು. ನನಗೆ ಬಸವನಹುಳು ಥರ ಮನೆ ಹೊತ್ತುಕೊಂಡು ಪೈಪಿನ ಬಾಲಕ್ಕೆ ಹೋಗುವ ನಮ್ಮ ಅಧ್ಯಕ್ಷರು ಕಣ್ಣಿಗೆ ಬಂದು ನಗು ತಡೆಯಲಾಗಲಿಲ್ಲ.

ನಮ್ಮೂರಿನ ಅಧ್ಯಕ್ಷಗಿರಿ ಆ ಸಲ ಹೆಂಗಸರಿಗೆ ಬಂದಿತ್ತು. ಹಾಗಾಗಿ ರತ್ನಮ್ಮ ಅಧ್ಯಕ್ಷೆ ಆದಳು, ಅವಳ ಗಂಡ ಚಂದ್ರಣ್ಣ ಅಧಿಕಾರ ಮಾಡಿದ. ಸಭೆಯಲ್ಲಿ ಅವನು ಕುರ್ಚಿಯಲ್ಲಿ ಕೂರುವನು, ಇವಳು ಪಕ್ಕದ ಕುರ್ಚಿಯಲ್ಲಿ ಕೂತು ಅವನು ಬೆರಳಿಟ್ಟ ಕಡೆ ಸೈನು ಹಾಕುವಳು. ಕೆಟ್ಟವನಲ್ಲ ಚಂದ್ರಣ್ಣ. ಮದುವೆ, ಆಸ್ಪತ್ರೆ ಅಂದರೆ ಓಡಿ ಬರುವನು. ಆದರೆ ಊರಿನಲ್ಲಿ ಎಲೆ ಅಲ್ಲಾಡಿದರೂ ತನ್ನನ್ನು ಕೇಳಿ ಅಲ್ಲಾಡಬೇಕು ಅನ್ನುವ ಆಸೆ.

ಮೇಡಮ್ಮಿನ ಕೆಲಸ ಮುಗಿಯಿತು. ಊರಿನವರಿಂದ ತಿಳಿದದ್ದನ್ನು ಊರಿನವರಿಗೇ ಓದಿ ಹೇಳುವುದು ಧರ್ಮ ಅಂತ ಗ್ರಾಮಸಭೆಗೆ ಬಂದರು. ನನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಶಾಲೆಯ ಮುಂದೆ ಶಾಮಿಯಾನ, ಮೈಕು. ಮೇಡಂ ಕನ್ನಡಕ ಏರಿಸಿ ಓದಿದರು: ಈ ಗ್ರಾಮದಲ್ಲಿ ಔಪಚಾರಿಕ ಅಧಿಕಾರ ಅಧ್ಯಕ್ಷರಲ್ಲಿದೆ, ಪ್ರಭಾವ ಅವರ ಪತಿಯವರಲ್ಲಿದೆ, ಆದರೆ ದಿನನಿತ್ಯದ ನಿಜವಾದ ಅಧಿಕಾರ ಇರುವುದು ನೀರುಗಂಟಿ ನಿಂಗಮ್ಮನವರಲ್ಲಿ.

ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. "ನಿಂಗಕ್ಕನಿಗೆ ಜೈ!" ಅಂದ ಇನ್ನೊಬ್ಬ. ಜನ ಬಿದ್ದುಬಿದ್ದು ನಕ್ಕರು. ನಾನೂ ಹಲ್ಲುಬಿಟ್ಟೆ. ಅದು ನನ್ನ ಎರಡನೇ ದೊಡ್ಡ ತಪ್ಪು. ಚಂದ್ರಣ್ಣನ ಕಿವಿ ಕೆಂಪಗಾಗಿತ್ತು.

"ಓಹೋ," ಅಂದ. "ಅಂಗಾದ್ರೆ ನಾವೆಲ್ಲ ಯಾಕ್ ಎಲೆಕ್ಸನ್ ನಿಂತಿದ್ದು? ನಿಂಗಕ್ಕ, ತತ್ತಾ ಆ ಕೀಯ. ಯಾರತ್ರ ಏನೈತೆ ನೋಡೇಬುಡನ."

"ಬೆಳಗ್ಗೆ ಯಾರಪ್ಪ ಬುಡಾದು?"

"ನಾನ್ ಬುಡ್ತೀನಿ. ಅದೇನ್ ಇಮಾನ ಓಡ್ಸದಾ?"

ಸೆಕ್ರೆಟರಿ ಕಾಗದ ಮುಂದಿಟ್ಟರು, ಚಂದ್ರಣ್ಣ ಬೆರಳಿಟ್ಟ, ರತ್ನಮ್ಮ ಸೈನು ಹಾಕಿದಳು. ನನ್ನ ಕಡೆ ನೋಡಲಿಲ್ಲ. ಕೀ ಹೋಯಿತು, ಕೆಲಸವೂ ಹೋಯಿತು.

ಸಂಜೆ ಮೇಡಂ ಮನೆಗೆ ಬಂದರು. ಕಣ್ಣಲ್ಲಿ ನೀರು. "ನನ್ನಿಂದಾಗಿ ಹೀಗಾಯ್ತು ನಿಂಗಮ್ಮ. ನಾನು ಸುಳ್ಳು ಬರೀಲಿಲ್ಲ."

"ಸುಳ್ಳ್ ಬರ್ದಿದ್ರೆ ಕ್ಯಲ್ಸ ಉಳೀತಿತ್ತು," ಅಂದೆ. "ಅಳಬ್ಯಾಡಿ, ಕಾಪಿ ಕುಡೀರಿ. ನಾಳೆಯಿಂದ ದಿನಾ ಬನ್ನಿ. ಅದೇ ಊರು, ಅದೇ ಬೋರು, ಅದೇ ಪೈಪು. ಕೀ ಇಡ್ಕಂಡಿರೋ ಕೈ ಮಾತ್ರ ಬ್ಯಾರೆ. ಇಂಥ ತುಲನೆ ಎಲ್ಲಿ ಸಿಕ್ಕಾತು ನಿಮ್ಗೆ?"

ಧೈರ್ಯಕ್ಕೆ ಆಡಿದ ಮಾತು ಅದು. ಮಾರನೆಯ ಬೆಳಗ್ಗೆಯೇ ದೊಡ್ಡಮನೆಯವರ ಹೊಲಕ್ಕೆ ಕಳೆ ಕೀಳಲು ಹೋದೆ. ಎಂಟು ವರ್ಷ ನಿಂತು ಕೆಲಸ ಮಾಡಿದ ಸೊಂಟ, ಬಗ್ಗಲು ಒಪ್ಪಲಿಲ್ಲ. ಪಕ್ಕದ ಸಾಲಿನವಳು, "ಏನಮ್ಮಿ ಅಧಿಕಾರಸ್ಥೆ, ಬಿರ್ನೆ ಬಾ" ಅಂತ ಆಡಿಕೊಂಡಳು.

ಚಂದ್ರಣ್ಣನ ವಾರ ಹೀಗಿತ್ತು. ಮೊದಲ ದಿನ ಬಿಚ್ಚುವ ಬದಲು ಬಿಗಿ ಮಾಡಿ, ವಾಲ್ವು ಕೆಟ್ಟಿದೆ ಅಂತ ಊರಿಗೆಲ್ಲ ಹೇಳಿದ. ಆಮೇಲೆ ಕಲಿತ. ಕಲಿತ ಮೇಲೆ ಕಷ್ಟವಾಯಿತು. ನೀರು ಬೇಕಾದವರು ಅವನ ಮನೆ ಬಾಗಿಲಿಗೆ ಬಂದು ಕೇಳಬೇಕು. ಕೇಳಿದರೆ ಇಲ್ಲ ಅನ್ನುವವನಲ್ಲ. ಆದರೆ ಓಟು ಯಾರಿಗೆ ಹಾಕಿದ್ದರು ಅನ್ನುವುದು ಅವನಿಗೆ ನೆನಪಾಗುತ್ತಿತ್ತು. ನಡುಬೀದಿಯಲ್ಲಿ ಅವನ ಕಡೆಯ ಮನೆಗಳೂ ಇದ್ದವು, ಎದುರು ಪಾರ್ಟಿಯ ಮನೆಗಳೂ ಇದ್ದವು. ಪೈಪಿಗೆ ಆ ವ್ಯತ್ಯಾಸ ಗೊತ್ತಿಲ್ಲ. ತನ್ನವರಿಗೆ ಬಿಟ್ಟರೆ ಅವರಿಗೂ ಹೋಗುತ್ತದೆ, ಅವರಿಗೆ ನಿಲ್ಲಿಸಿದರೆ ತನ್ನವರೂ ಒಣಗುತ್ತಾರೆ. ನಾಲ್ಕು ದಿನ ಟ್ಯಾಂಕಿನ ಕೆಳಗೆ ನಿಂತು ತಲೆ ಕೆರೆದುಕೊಂಡ. ರಸ್ತೆ, ಮನೆ, ಪಡಿತರ ಚೀಟಿ ಆದರೆ ತನ್ನವರಿಗೆ ಮಾತ್ರ ಕೊಡಬಹುದು, ಬೀದಿ ನೀರನ್ನು ಹಾಗೆ ಕೊಡಲಾಗದು ಅಂತ ಮೇಡಂ ಬರೆದುಕೊಂಡರು. ರಸ್ತೆಯನ್ನು ಹೇಗೆ ಕೊಡುತ್ತಾರೆ ಅಂತ ನಾನು ಕೇಳಿದೆ. ಪಟ್ಟಿಯಿಂದ ರಸ್ತೆ ಹೊಡೆದು ಹಾಕಿದರು.

ಎರಡನೇ ವಾರ ಪಂಚಾಯ್ತಿಯ ಉಳಿದ ಮೆಂಬರುಗಳು ಎದ್ದರು. ಒಬ್ಬನ ಕೈಯಲ್ಲೇ ಯಾಕೆ, ಐದು ಜನ ಸೇರಿ ಬಿಡೋಣ ಅಂದರು. ಯಾವ ಬೀದಿಗೆ ಮೊದಲು ಅನ್ನುವುದಕ್ಕೆ ಐದೂ ಜನ ಒಪ್ಪಬೇಕು ಅಂತ ಕರಾರಾಯಿತು. ಮೊದಲ ದಿನ ಒಪ್ಪುವಷ್ಟರಲ್ಲಿ ಕರೆಂಟು ಹೋಯಿತು. ಎರಡನೆಯ ದಿನ ನಾಲ್ಕು ಜನ ಒಪ್ಪಿದರು, ಐದನೆಯವನು ಟೀ ಕೊಟ್ಟಿಲ್ಲ ಅಂತ ಒಪ್ಪಲಿಲ್ಲ. ಮೂರನೆಯ ದಿನ ಕೀ ಯಾರ ಮನೆಯಲ್ಲಿತ್ತೋ ಆ ಮೆಂಬರು ಮನೆಗೆ ಬೀಗ ಹಾಕಿ ಚನ್ನರಾಯಪಟ್ಟಣಕ್ಕೆ ಮದುವೆಗೆ ಹೋಗಿದ್ದ. ಉಳಿದ ನಾಲ್ವರು ಬೀಗದ ಮುಂದೆ ನಿಂತಿದ್ದರು. ಒಬ್ಬನ ಆಡಳಿತಕ್ಕಿಂತ ಐವರದು ಒಳ್ಳೆಯದಲ್ಲವೇ ಅಂತ ಮೇಡಮ್ಮನ್ನು ಕೇಳಿದೆ. "ಒಳ್ಳೇದು ನಿಂಗಮ್ಮ. ಆದರೆ ಪ್ರತಿಯೊಬ್ಬರಿಗೂ ಬೇಡ ಅನ್ನೋ ಹಕ್ಕು ಕೊಟ್ರೆ, ಬೇಡ ಅನ್ನೋದೊಂದೇ ನಡೆಯೋದು" ಅಂದರು.

ಆ ಬೀಗದ ಮುಂದೆ ನಿಂತಾಗಲೇ ಆ ನಾಲ್ವರಿಗೆ ಬುದ್ಧಿ ಹೊಳೆದದ್ದು. ಕೀ ಅಂದರೆ ಏನು ಮಹಾ, ಸಲಾಕೆ ತಾನೇ? ಒಬ್ಬ ಮೆಂಬರು ಹಾಸನದ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಮಾಡಿಸಿಕೊಂಡು ಬಂದ. ಅದನ್ನು ನೋಡಿ ದೊಡ್ಡಮನೆಯವರು ಒಂದು ಮಾಡಿಸಿದರು. ಕಾಲೋನಿಯವರು ಸೇರಿ ಒಂದು ಮಾಡಿಸಿದರು, ನಾನು ತಪ್ಪು ಅನ್ನುವುದಿಲ್ಲ. ಜೋಯಿಸರ ಮನೆಯಲ್ಲೂ ಒಂದಿತ್ತು, ಕೀಗೆ ಅರಿಶಿನ ಕುಂಕುಮ ಹಚ್ಚಿದ್ದರು. ಮೂರನೇ ವಾರಕ್ಕೆ ಅವರಿವರದೂ ಹಳೆಯದೂ ಸೇರಿ ಊರಿನಲ್ಲಿ ಏಳು ಕೀ.

ಒಬ್ಬರು ಬಿಚ್ಚುವುದು, ಇನ್ನೊಬ್ಬರು ಹಿಂದೆಯೇ ಬಂದು ಮುಚ್ಚುವುದು. ಆಮೇಲೆ ಮುಚ್ಚುವುದನ್ನೂ ಬಿಟ್ಟು ಎಲ್ಲರೂ ಬಿಚ್ಚಿದರು. ಮೂರು ವಾಲ್ವೂ ತೆರೆದವು, ಯಾರಿಗೂ ನೀರಿಲ್ಲ. ಮೇಲಿನ ಬೀದಿಯಲ್ಲಿ ಬೆರಳು ಗಾತ್ರ, ನಡುಬೀದಿಯಲ್ಲಿ ದಾರದ ಗಾತ್ರ, ಕಾಲೋನಿಯಲ್ಲಿ ಬುಸ್ ಬುಸ್ ಗಾಳಿ. ಗುಂಡಿಗಳು ಇನ್ನೂ ಒಂದು ಮೊಳ ಆಳವಾದವು. ಕೊನೆಗೆ ನಡುಬೀದಿಯ ವಾಲ್ವಿನ ತಲೆಯೇ ಸವೆದು ಉರುಟಾಯಿತು.

"ಇದನ್ನ ಅರಾಜಕತೆ ಅಂತಾರೆ," ಅಂದರು ಮೇಡಂ. ಆ ಹೊತ್ತಿಗೆ ಅವರು ಬರೆಯುವುದನ್ನು ಬಿಟ್ಟು ಬಾಯಿಬಿಟ್ಟು ನೋಡುತ್ತಿದ್ದರು. "ರಾಜನೇ ಇಲ್ಲದ ಸ್ಥಿತಿ."

"ರಾಜ ಇಲ್ದೆ ಏನ್ ಬಂತು ಮೇಡಂ? ಏಳ್ ಜನ ಅವ್ರೆ."

ನಾನು ಹೀಗೆ ತಮಾಷೆ ಮಾಡುತ್ತಿದ್ದೆನಾದರೂ ಒಳಗೆ ಲೆಕ್ಕ ಬೇರೆ ಇತ್ತು. ಊರು ಕೆಟ್ಟರೆ ನನ್ನನ್ನು ಕರೆದೇ ಕರೆಯುತ್ತಾರೆ ಅಂತ ಕಾದಿದ್ದೆ. ಕರೆಯಲಿಲ್ಲ. ಕರೆದರೆ ಚಂದ್ರಣ್ಣ ಸೋತಂತೆ, ಅದಕ್ಕೆ ಯಾರಿಗೂ ಧೈರ್ಯವಿಲ್ಲ. ಸೆಕ್ರೆಟರಿ ಒಂದು ದಿನ ಹೊಲದ ಬದುವಿನಲ್ಲಿ ಸಿಕ್ಕಿ, "ಬೇರೆ ಗಂಡಾಳು ನೋಡ್ತಿದೀವಿ" ಅಂದರು. ಈ ಸಲ ನಿಜವಾಗಿ ನೋಡುತ್ತಿದ್ದರು.

ಮೂರನೇ ವಾರದ ಕೊನೆಗೆ ರತ್ನಮ್ಮ ತಾನೇ ಸಭೆ ಕರೆದಳು. ನೋಟೀಸಿನ ಮೇಲೆ ಸೈನು ಮಾತ್ರವಲ್ಲ, ಅಕ್ಷರವೂ ಅವಳದೇ. ಬೆಳಗ್ಗೆ ಎಂಟಕ್ಕೆ, ಶಾಲೆಯ ಮುಂದೆ. ಚಂದ್ರಣ್ಣ ಎಂದಿನಂತೆ ಕುರ್ಚಿಯಲ್ಲಿ ಕೂತ. ರತ್ನಮ್ಮ ಅವನ ಮುಂದೆ ಬಂದು ನಿಂತಳು.

"ಏಳ್ರೀ, ಅದು ಅಧ್ಯಕ್ಷರ ಕುರ್ಚಿ."

ಜನ ನಗಲಿಲ್ಲ. ಅವನಿಗೆ ಏಳದೆ ದಾರಿ ಇರಲಿಲ್ಲ, ಎದ್ದ. ಅವಳು ಕೂತು ಮೈಕನ್ನು ತನ್ನ ಎತ್ತರಕ್ಕೆ ಬಗ್ಗಿಸಿಕೊಂಡಳು.

"ಮೂರ್ ವಾರದಿಂದ ದಿನಾ ಬೆಳಗ್ಗೆ ಹೆಂಗಸ್ರು ನಮ್ಮನೆ ಬಾಗ್ಲಿಗ್ ಬಂದು ಬಯ್ತಾವ್ರೆ. ಇವ್ರು ಅಷ್ಟೊತ್ಗೆ ಎದ್ದು ತ್ವಾಟಕ್ಕೋಗ್ಬುಡ್ತಾರೆ. ಬೈಸ್ಕಳಾದು ನಾನು. ಸೈನೂ ನಂದು, ಬೈಗಳಾನೂ ನಂದು. ಅಂದ್ಮೇಲೆ ಕೀ ಯಾರ್ಗ್ ಕೊಡಬೇಕು ಅನ್ನಾದೂ ನಾನೇ ಏಳ್ತೀನಿ. ಯಾರ್ಯಾರ್ ಎಷ್ಟೆಷ್ಟ್ ಕೀ ಮಾಡ್ಸಿದ್ದೀರೋ ಎಲ್ಲಾ ತಂದು ಈ ಟೇಬಲ್ ಮೇಲೆ ಮಡಗಿ."

ಮಡಗಿದರು. ಕಬ್ಬಿಣ ಠಣ್ ಠಣ್ ಅಂದಿತು. ಜೋಯಿಸರು ಕುಂಕುಮ ಒರೆಸಿ ಇಟ್ಟರು. ಏಳೂ ಬಂದವು. ಹಳೆಯ ಕೀಯನ್ನು ರತ್ನಮ್ಮ ಗುರುತು ಹಿಡಿದು ಪಕ್ಕಕ್ಕೆ ಎತ್ತಿಟ್ಟು, "ನಿಂಗಕ್ಕ, ಬಾ" ಅಂದಳು.

ನಾನು ಎದ್ದೆ. ಗೆದ್ದೆ ಅಂದುಕೊಂಡ ಗಳಿಗೆ ಅದು. ಆಗ ಕಾಲೋನಿ ಕಡೆಯಿಂದ ಸಾಕಮ್ಮ ಅನ್ನುವವಳು ಎದ್ದು ನಿಂತಳು.

"ಒಸಿ ತಡೀರಿ. ಕೀ ಅವ್ಳಿಗ್ ಕೊಟ್ರೆ ನಮ್ ನೀರಿಗ್ ಗ್ಯಾರಂಟಿ ಯಾರು? ಓದ್ ಯುಗಾದಿಲಿ ರೇಸನ್ ಅಂಗಡಿ ಕ್ಯೂದಾಗೆ ನಾನೊಂದ್ ಮಾತಂದೆ ಅಂತ ಎರಡ್ ದಿನ ಕಾಲೋನಿ ವಾಲ್ವು ತಿರುಗಿಸ್ನಿಲ್ಲ ಇವ್ಳು. ಮೋಟ್ರು ಸುಟ್ಟೋಗೈತೆ ಅಂದ್ಲು. ಮೇಲಿನ್ ಬೀದೀಲಿ ಹೋಳಿಗೆ ಬೇಯ್ತಿತ್ತು."

ಇದನ್ನು ನಾನು ಮೇಡಮ್ಮಿಗೆ ಹೇಳಿರಲಿಲ್ಲ. ಇಷ್ಟು ಹೊತ್ತು ನಿಮಗೂ ಹೇಳಲಿಲ್ಲ. ನಿಜ. ಎರಡು ದಿನ, ಹಬ್ಬದ ಎರಡು ದಿನ. ನಡುಬೀದಿಗೆ ದಿನಾ ಒಂದಷ್ಟು ಹೆಚ್ಚು ಬಿಡುತ್ತಿದ್ದೆ, ಅದೂ ನಿಜ. ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದರು. ಅವರ ಪುಸ್ತಕದಲ್ಲಿ ಬಂದದ್ದು ಇನ್ನೊಬ್ಬ ನಿಂಗಮ್ಮ.

"ಊಂ ಅಂತೀಯೋ ಊಹೂಂ ಅಂತೀಯೋ?" ಅಂದಳು ರತ್ನಮ್ಮ.

"ಊಂ," ಅಂದೆ. "ಕೋಪ ಬಂದಿತ್ತು. ಕೈಲಿ ಕೀ ಇತ್ತು."

ಚಂದ್ರಣ್ಣ ಹಿಂದಿನಿಂದ, "ನೋಡುದ್ರಾ, ನಾನ್ ಏಳ್ನಿಲ್ವಾ!" ಅಂದ. ರತ್ನಮ್ಮ ತಿರುಗಿಯೂ ನೋಡದೆ, "ನಿಮ್ ವಾರದ್ ಕತೆ ಏಳ್ಬೇಕಾ?" ಅಂದಳು.

ಆಮೇಲೆ ಅವಳು ಸಾಕಮ್ಮನನ್ನೇ ಕೇಳಿದಳು, "ಕೀ ಇವ್ಳತ್ರ ಇರ್ಲಿ, ಬ್ಯಾರೆಯವ್ರತ್ರ ಇರ್ಲಿ. ನಿಂಗೆ ಏನಾದ್ರೆ ನಂಬಿಕೆ ಬತ್ತದೆ, ಅದೇಳು."

ಸಾಕಮ್ಮ ಸೆರಗು ಸರಿಮಾಡಿಕೊಂಡಳು. "ಮೊದ್ಲು ಬಾಲಕ್ ಬುಡ್ಲಿ. ಕೊನೇ ಮನೆಯವ್ರು ಸಾಕು ಅನ್ನಗಂಟ ವಾಲ್ವು ಮುಚ್ಚಕೂಡ್ದು. ಇವ್ಳೇ ಬಂದು ಬಾಗ್ಲಲ್ ನಿಂತ್ ಕೇಳ್ಬೇಕು. ಎಲ್ಲಾ ಬೀದಿಗೂ ಅಂಗೇಯ."

"ಕೊನೇ ಮನೆಯವ್ಳು ಸಾಕು ಅನ್ನದೇ ಇದ್ರೆ?" ಅಂತ ಮೇಲಿನ ಬೀದಿಯ ಗುಂಡಿ ಮಹಾರಾಯ ಕೂಗಿದ.

"ನೀನ್ ಇಷ್ಟ್ ವರ್ಸದಿಂದ ಅಂದಿದ್ಯೇನ್ಲಾ?" ಅಂದಳು ಸಾಕಮ್ಮ.

ಆಗ ಜನ ನಕ್ಕರು. ರತ್ನಮ್ಮ ಸೆಕ್ರೆಟರಿಯಿಂದ ಬರೆಸಿದಳು, ಬರೆಸಿದ್ದನ್ನು ಎರಡು ಸಲ ಓದಿಸಿದಳು, ಯಾರ ಬೆರಳೂ ಇಲ್ಲದೆ ಸೈನು ಹಾಕಿದಳು. ಕೀ ನನ್ನ ಕೈಗೆ ಕೊಡುವಾಗ ಮೈಕಿನಿಂದ ಬಾಯಿ ಆಚೆ ತಿರುಗಿಸಿ ಮೆಲ್ಲಗೆ, "ಇನ್ನೊಂದ್ ಸಲ ಕೋಪ ಬಂದ್ರೆ ಮನೇಲಿ ಪಾತ್ರೆ ಕುಕ್ಕಕ್ಕ" ಅಂದಳು. ಉಳಿದ ಆರು ಕೀಯನ್ನು ಪಂಚಾಯ್ತಿ ಬೀರುವಿಗೆ ಹಾಕಿ ಬೀಗ ಜಡಿದರು, ನಡುಬೀದಿಯ ವಾಲ್ವಿಗೆ ಅವತ್ತೇ ಹೊಸ ತಲೆ ಹಾಕಿಸಿದರು.

ಮೇಡಂ ಸ್ಕೂಟರು ಹತ್ತುವಾಗ, "ನನ್ನ ಅಧ್ಯಾಯ ಪೂರ್ತಿ ತಿದ್ದಬೇಕು ನಿಂಗಮ್ಮ" ಅಂದರು. ದನಿಯಲ್ಲಿ ಸ್ವಲ್ಪ ಮುನಿಸಿತ್ತು. "ತಿದ್ರಿ. ಕೀ ಇಡ್ಕಂಡಿರೋರ್ನ ಕೇಳಿ ಬರೀಬ್ಯಾಡಿ, ಕೊಡ ಇಡ್ಕಂಡಿರೋರ್ನ ಕೇಳಿ" ಅಂದೆ. ಅವರು ಅದನ್ನೂ ಬರೆದುಕೊಂಡರು.

ಮಾರನೆಯ ಬೆಳಗ್ಗೆ ಐದೂವರೆಗೆ ಮೋಟರು ಹಾಕಿ, ಕಾಲೋನಿಯ ವಾಲ್ವಿಗೆ ಕೀ ಕೂರಿಸಿ ಹನ್ನೆರಡು ಸುತ್ತು ಎಡಕ್ಕೆ ತಿರುಗಿಸಿದೆ. ಕಾಲೋನಿಯ ಕೊನೆಯ ಮನೆ ಸಾಕಮ್ಮನದು. ಹೋಗಿ ಬಾಗಿಲಲ್ಲಿ ನಿಂತೆ. ಅವಳು ಎರಡು ಕೊಡ ತುಂಬಿಸಿಕೊಂಡಳು, ಹಂಡೆ ತುಂಬಿಸಿಕೊಂಡಳು. "ಸಾಕಾ?" ಅಂದೆ. ಅವಳು ಬಕೆಟ್ಟು ತುಂಬಿಸಿಕೊಂಡಳು, ಅಂಗಳ ತೊಳೆದಳು, ನುಗ್ಗೆಗಿಡಕ್ಕೆ ಎರಡು ಚೊಂಬು ಹೊಯ್ದಳು. ಆಮೇಲೆ ತುಂಬಿದ್ದ ಒಂದು ಕೊಡವನ್ನು ನನ್ನ ಕಣ್ಣೆದುರಿಗೇ ಚೆಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಮತ್ತೆ ತುಂಬಿಸಿಕೊಂಡಳು. ನಾನು ಕೀ ಗೋಡೆಗೆ ಒರಗಿಸಿ ಅವಳ ಜಗಲಿಯ ಮೇಲೆ ಕೂತೆ. ನಡುಬೀದಿಯಿಂದ ನನ್ನ ಸೊಸೆ ಖಾಲಿ ಬಿಂದಿಗೆ ಹಿಡಿದು ಬಂದು ಇಣುಕಿ ನೋಡಿ ಹೋದಳು. ಬಿಸಿಲು ಟ್ಯಾಂಕಿನ ನೆತ್ತಿಯಿಂದ ಇಳಿದು ಅದರ ಕಾಲಿಗೆ ಬಂತು. ಆಗ ಸಾಕಮ್ಮ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು, ನನ್ನ ಕಡೆ ನೋಡದೆ, "ಸಾಕು, ಓಗು" ಅಂದಳು. ಎದ್ದು ಹೋಗಿ ಹನ್ನೆರಡು ಸುತ್ತು ಬಲಕ್ಕೆ ತಿರುಗಿಸಿದೆ.